ಬಾಗಿಲಿನಿಂದ ಬಲೂನಿಗೆ

ನನ್ನ ಕೊರಳ ಚೀಟಿಯಲ್ಲಿ ಹೆಸರು ಮೂರು ಲಿಪಿಯಲ್ಲಿದೆ,
ಮೂರರಲ್ಲೂ ತಪ್ಪು.
ಕನ್ನಡದಲ್ಲಿ ಗುಡಿಸು ಬಿದ್ದುಹೋಗಿ ವಾರಿಜಾಕ್ಷ,
ಇಂಗ್ಲಿಷಿನಲ್ಲಿ ಒಂದು ಎಚ್ ಹೆಚ್ಚು,
ಮಲಯಾಳದಲ್ಲಂತೂ ಶುದ್ಧ ಗಂಡಸು, ವಾರಿಜಾಕ್ಷನ್.
ಇರಲಿ. ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಇದು
ಕಾಯಿಲೆಯಲ್ಲ, ರಕ್ತದ ಗುಂಪು.

ಹೋಟೆಲಿನ ಎರಡನೇ ಮಹಡಿ. ಹಲ್ಲು ಕಡಿಸುವ ಎಸಿ.
ಹೃದಯದ ಡಾಕ್ಟರುಗಳು ಕಣ್ಣೂರಿನಿಂದ, ಮಂಗಳೂರಿನಿಂದ,
ನರ್ಸುಗಳು ಹಿಂದಿನ ಸಾಲಿನಲ್ಲಿ, ಅದಕ್ಕೂ ಹಿಂದೆ
ನಾವು: ಯಂತ್ರದವರು, ಗಾಡಿಯವರು.
ಬಾಗಿಲಲ್ಲಿ ಮದ್ದಿನ ಕಂಪೆನಿಯ ಹುಡುಗ ಎಲ್ಲರ ಕೈಗೂ
ಒಂದೊಂದು ರಬ್ಬರಿನ ಹೃದಯ ಕೊಟ್ಟ.
ಹಿಂಡಿದರೆ ಪೀಂ ಎನ್ನುತ್ತದೆ.

ನಾನು ಮುಳ್ಳೇರಿಯದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯುವವಳು.
ಹದಿನಾರು ವರ್ಷದಿಂದ ಪರರ ಎದೆಗೆ ತಣ್ಣನೆ ಜೆಲ್ಲು ಹಚ್ಚಿ
ಗುಲಾಬಿ ಕಾಗದ ಹೊರಬರುವುದನ್ನು ಕಾಯುವವಳು.

ತೆರೆಯ ಪಕ್ಕದಲ್ಲಿ ಡಾಕ್ಟರ್ ವಾಮನ ಕಿಣಿ:
"ಬಾಗಿಲಿನಿಂದ ಬಲೂನಿಗೆ ತೊಂಬತ್ತು ನಿಮಿಷ."
ರೋಗಿ ಆಸ್ಪತ್ರೆಯ ಬಾಗಿಲು ದಾಟಿದ ಗಳಿಗೆಯಿಂದ
ಕಟ್ಟಿದ ನಾಳದೊಳಗೆ ಬಲೂನು ಉಬ್ಬುವ ತನಕ.
ನಮ್ಮಲ್ಲಿ ಅರವತ್ತೆರಡೇ, ಎಂದರು. ಚಪ್ಪಾಳೆ.
ನ್ಯಾಯವಾದ ಚಪ್ಪಾಳೆಯೇ; ನಾನೂ ತಟ್ಟಿದೆ.
ತಟ್ಟುತ್ತ ಪಕ್ಕಕ್ಕೆ ನೋಡಿದರೆ ಹಸೈನಾರಿಚ್ಚ ತಟ್ಟುತ್ತಿಲ್ಲ.
ಜೇಬಿನ ಪುಸ್ತಕ ತೊಡೆಯ ಮೇಲೆ ಬಿಡಿಸಿದ್ದಾರೆ.

ಡೀಸೆಲಿನ ಲೆಕ್ಕದ ಪುಸ್ತಕ ಅದು.
ಎಡಕ್ಕೆ ಲೀಟರು, ಬಲಕ್ಕೆ ಎದೆಗಳು:
ಮುಳ್ಳೇರಿಯ ಎರಡು ಮೂವತ್ತೈದು. ಬದಿಯಡ್ಕ ಮೂರು.
ಕುಂಬಳೆ ಮೂರು ಇಪ್ಪತ್ತೆಂಟು.
ಉಪ್ಪಳದಲ್ಲಿ ಮದುವೆ ಬಸ್ಸು ಅಡ್ಡ, ಹನ್ನೊಂದು ನಿಮಿಷ.
ತಲಪಾಡಿ ನಾಲ್ಕು ಹದಿನೈದು.
ನೇತ್ರಾವತಿ ಸಂಕ.
ಸಂಕದ ಮುಂದೆ ಗಂಟೆ ಬರೆದಿಲ್ಲ.
ಯಾಕೆಂದು ನಾನು ಕೇಳುವುದಿಲ್ಲ.
ಆ ದಿನದ ಗುಲಾಬಿ ಕಾಗದ ಹರಿದುಕೊಟ್ಟವಳು ನಾನೇ.

ರಾಜೀವಿ. ಬೀಡಿ ಕಟ್ಟುವವಳು. ನಲವತ್ತೊಂಬತ್ತು.
ಬೆಳಿಗ್ಗೆ ಆರಕ್ಕೇ ಎದೆ ಹಿಡಿದಿತ್ತಂತೆ.
ಸೊಸೆಗೆ ತುಳುವಿನಲ್ಲಿ ಹೇಳಿದಳು, ಗ್ಯಾಸ್.
ಬೇಲಿಯಾಚೆಯ ಬೀಪಾತಿಮ್ಮ ಮಲಯಾಳದಲ್ಲಿ ಒಪ್ಪಿದರು, ಗ್ಯಾಸ್.
ಅಂಗಡಿಯ ಕಾಮತರು ಕೊಂಕಣಿಯಲ್ಲಿ ಗೊಣಗಿ
ಸೋಡಾ ಒಡೆದು ಕೊಟ್ಟರು, ದುಡ್ಡು ಬೇಡವೆಂದರು.
ಏಳು ಭಾಷೆಯ ನಾಡು ನಮ್ಮದು, ಸಭೆಸಭೆಯಲ್ಲೂ ಹೇಳುತ್ತಾರೆ;
ಏಳರಲ್ಲೂ ಎದೆನೋವಿಗೆ ಹೆಸರು ಒಂದೇ.
ಅವತ್ತು ಶನಿವಾರ, ಬ್ರಾಂಚಿಗೆ ಬೀಡಿ ಕೊಡುವ ದಿನ.
ಇನ್ನೂ ಮುನ್ನೂರು ಬಾಕಿ. ಕಟ್ಟಿದಳು.
ಆಮೇಲೆ ಸೀರೆ ಬದಲಿಸಿ, ತಲೆ ಬಾಚಿ, ಜೀಪು ಕಾದಳು.
ನನ್ನ ಮಂಚದ ಮೇಲೆ ಮಲಗಿ ಕೇಳಿದಳು:
"ಅಕ್ಕಾ, ರವಕೆ ಬಿಚ್ಚಲೇಬೇಕಾ?"
ಬೆರಳಲ್ಲಿ ಹೊಗೆಸೊಪ್ಪಿನ ಘಾಟು.
ಗೆರೆ ಏರಿತು. ಏರಿದ್ದು ಇಳಿಯಲಿಲ್ಲ.

ಪ್ರಶ್ನೆಗಳಿವೆಯೇ ಎಂದರು. ಮೈಕು ಸಾಲು ದಾಟಿ ದಾಟಿ ಹಿಂದೆ ಬಂತು.
ಒಬ್ಬರು ಸ್ಟೆಂಟಿನ ಉದ್ದ ಕೇಳಿದರು,
ಇನ್ನೊಬ್ಬರು ಪ್ರಶ್ನೆಯೆಂದು ಭಾಷಣ ಮಾಡಿದರು.
ನನ್ನ ಕೈಗೆ ಸಿಕ್ಕಾಗ ಮೈಕು ಬೆವರಿತ್ತು, ಯಾರದೋ ಬೆವರು.
"ಸರ್, ಯಾವ ಬಾಗಿಲು?"
"ಏನಮ್ಮ?"
"ಬಾಗಿಲಿನಿಂದ ಅಂದಿರಲ್ಲ. ಯಾವ ಬಾಗಿಲು?"

ಕಿಣಿ ಡಾಕ್ಟರು ನಗಲಿಲ್ಲ, ಅಷ್ಟು ಹೇಳಬೇಕು.
ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲು ಮರೆತರು.
ಒಳ್ಳೆಯ ಪ್ರಶ್ನೆ, ಎನ್ನುವಷ್ಟರಲ್ಲಿ
ಊಟ ತಯಾರಿದೆ ಎಂದು ಯಾರೋ ಕೂಗಿ
ಕುರ್ಚಿಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು.

ಬಿರಿಯಾನಿಯ ಸಾಲಿನಲ್ಲಿ ಹಸೈನಾರಿಚ್ಚನ ಫೋನು.
ಬೋವಿಕ್ಕಾನದಿಂದ. ದಾರಿ ಕೇಳುವ ಮೊದಲು
ಅವರು ಕೇಳಿದರು, "ಶುರುವಾಗಿ ಎಷ್ಟು ಹೊತ್ತಾಯ್ತು?"
ಪುಸ್ತಕದಲ್ಲಿ ಮುಳ್ಳೇರಿಯಕ್ಕಿಂತ ಮೇಲೆ
ಒಂದು ಖಾಲಿ ಗೆರೆ ಎಳೆದರು.
ಆ ಕಡೆಯ ಉತ್ತರ ನನಗೂ ಕೇಳಿಸಿತು:
ಏಯ್, ಗ್ಯಾಸ್ ಇರಬೇಕು, ಆದರೂ ಒಮ್ಮೆ…

ತಟ್ಟೆ ಕಿಟಕಿಯ ಕಟ್ಟೆಯಲ್ಲಿಟ್ಟು ಇಬ್ಬರೂ ಇಳಿದೆವು.
ಚೀಲದೊಳಗಿನ ರಬ್ಬರು ಹೃದಯ ತೊಡೆಗೆ ಬಡಿದು ಪೀಂ, ಪೀಂ.
ಮೆಟ್ಟಿಲಲ್ಲೇ ಇಳಿದೆವು.
ಆ ಹೋಟೆಲಿನ ಲಿಫ್ಟು ಬರುವಾಗ ಹೊತ್ತಾಗುತ್ತದೆ.