ಆಗಿಬರದ್ದು

ಬೆಳಗಿನ ನಾಲ್ಕಕ್ಕೆ ಶ್ರೀನಗರದ ಬಸ್‌ಸ್ಟಾಪಿನ ಪಕ್ಕ
ಲಾರಿಯಿಂದ ಕ್ರೇಟು ಇಳಿಸುವಾಗ
ತೋಳಿಗೆ ತಣ್ಣಗೆ ಅಂಟುತ್ತದೆ ಹಾಲು.
ಇಪ್ಪತ್ತೆರಡು ವರ್ಷದ ಬೂತು ನನ್ನದು.
ನೀಲಿ, ಹಸಿರು, ಕಿತ್ತಳೆ;
ಯಾವ ಪ್ಯಾಕೆಟ್ಟು ಸೋರುತ್ತಿದೆಯೆಂದು
ಕತ್ತಲಲ್ಲೂ ಬೆರಳಿಗೆ ಗೊತ್ತು.
"ಹಸಿರು ಗಟ್ಟಿಯಿದೆಯಾ, ಹೊಂಬಾಳಣ್ಣ?"
"ಕೆನೆ ನೋಡಿ ಆಮೇಲೆ ಹೇಳಿ, ಮೇಡಂ."
ನಾಲಿಗೆ ಕಾಣದ ರುಚಿಗೆ ಬಾಯಿ ಜಾಮೀನು.

ಹಾಲು ನನಗೆ ಆಗಿಬರೋದಿಲ್ಲ.
ಕನ್ನಡದಲ್ಲಿ ಇದೇನು ದೊಡ್ಡ ಮಾತಲ್ಲ.
ಅತ್ತೆಗೆ ಅಳಿಯ ಆಗಿಬರೋದಿಲ್ಲ,
ಕೆಲವರಿಗೆ ತೆಂಕಲ ಬಾಗಿಲು. ಹಾಗೆ.
ಡಾಕ್ಟರು ಮಾತ್ರ ಚೀಟಿಯಲ್ಲಿ ಲ್ಯಾಕ್ಟೋಸ್ ಅಂತ ಬರೆದು
ಕೆಳಗೆ ಎರಡು ಗೆರೆ ಎಳೆದರು,
ನನ್ನ ನಲವತ್ತೊಂಬತ್ತನೇ ವಯಸ್ಸಿನಲ್ಲಿ.
ಅಲ್ಲೀವರೆಗೆ ಅದು ವಾಯು, ದೃಷ್ಟಿ,
ಖಾಲಿ ಹೊಟ್ಟೆ, ತುಂಬಿದ ಹೊಟ್ಟೆ.

ಬೈಟು ಕಾಫಿಗೆ ಕರೆದರೆ ನನ್ನದು ಕರಿ ಟೀ, ನಿಂಬೆ ಹಿಂಡಿ.
"ಹಾಲಿನವನಿಗೇ ಹಾಲಿನ ಬರವಾ?"
ಗ್ಯಾಸ್ ಸ್ಟೌ ರಿಪೇರಿಯ ಮಕ್ಬೂಲ್, ವಾರಕ್ಕೊಂದು ಸಲ.
ನಾನೂ ವಾರಕ್ಕೊಂದು ಸಲ ನಗುತ್ತೇನೆ.
ಮೊಸರು ಒಂದು ಸೌಟು ತಡೆಯುತ್ತೆ, ಮಜ್ಜಿಗೆ ಪರವಾಗಿಲ್ಲ,
ಪೇಡದ ಡಬ್ಬ ತೆರೆದರೆ ಮಾತ್ರ
ಕೈ ತಾನಾಗಿ ಒಂದನ್ನು ಮುರಿಯುತ್ತದೆ.
ಆಮೇಲೆ ಲೆಕ್ಕ:
ಶೌಚಾಲಯಕ್ಕೆ ನೂರಾ ನಲವತ್ತು ಹೆಜ್ಜೆ,
ಮಳೆ ಬಂದು ಗುಂಡಿ ಸುತ್ತಿ ಹೋದರೆ ನೂರಾ ಎಪ್ಪತ್ತು.

ಮಾಗಡಿ ರೋಡಿನ ವಠಾರದಲ್ಲಿ
ಐದು ಮನೆಗೆ ಒಂದೇ ಕಕ್ಕಸು ಇದ್ದ ಕಾಲಕ್ಕೆ
ಅವ್ವ ರಾತ್ರಿ ಹಿತ್ತಾಳೆ ಲೋಟದಲ್ಲಿ ಹಾಲಿಡುತ್ತಿದ್ದಳು.
ನಾನು ಬಚ್ಚಲ ಹಿಂದೆ ಹೋಗಿ
ಬೆಕ್ಕಿಗೆ ಸುರಿಯುತ್ತಿದ್ದೆ.
ಬೆಕ್ಕು ದಪ್ಪಗಾಯಿತು. ನಾನು ಹಾಗೇ ಇದ್ದೆ.
"ಎಷ್ಟು ಕುಡಿದರೂ ಮೈಗೆ ಹತ್ತಲ್ಲ ನನ್ನ ಮಗನಿಗೆ"
ಅನ್ನುತ್ತಿದ್ದಳು ಎದುರು ಮನೆಯವರಿಗೆ,
ಬೆಕ್ಕನ್ನು ನೋಡುತ್ತ.

ಹೋದ ಕಾರ್ತಿಕದಲ್ಲಿ ಅವ್ವನ ಹಾಲುತುಪ್ಪ.
ಬೂತಿನಿಂದಲೇ ಒಯ್ದೆ, ಅರ್ಧ ಲೀಟರು, ನೀಲಿ.
ಕತ್ತರಿ ಮರೆತು, ಹಲ್ಲಿನಿಂದ ಮೂಲೆ ಹರಿದೆ.
ಹಸಿಮಣ್ಣಿನ ಮೇಲೆ ಹಾಲು ಒಂದಷ್ಟು ಹೊತ್ತು
ಬೆಳ್ಳಗೆ ನಿಂತೇ ಇತ್ತು. ಆಮೇಲೆ ಒಂದೇ ಸಲ ಇಂಗಿತು.
ನೆಂಟರು ಗೇಟಿನತ್ತ ಹೊರಟರು.
ಪ್ಯಾಕೆಟ್ಟಿನಲ್ಲಿ ಇನ್ನೂ ಒಂದು ಲೋಟದಷ್ಟು.
ಅಭ್ಯಾಸಬಲ, ಸುತ್ತ ನೋಡಿದೆ.
ಬೆಕ್ಕಿರಲಿಲ್ಲ. ಎರಡು ನಾಯಿ ಮಲಗಿದ್ದವು,
ಚ್ಚು ಚ್ಚು ಅಂದರೂ ಏಳಲಿಲ್ಲ.
ಕುಡಿದೆ.
ಇಷ್ಟು ಸಿಹಿ ಅಂತ ಮರೆತಿತ್ತು.

ಸಿರ್ಸಿ ಸರ್ಕಲ್ಲಿನಲ್ಲಿ ಟ್ರಾಫಿಕ್ಕು ಮುಕ್ಕಾಲು ಗಂಟೆ.
ಒಳಗೆ ಗುಡುಗು ಶುರುವಾಯಿತು.
ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ
"ತಡ್ಕೋಬೇಡಿ ಸಾರ್," ಅಂದ,
"ಒಳಗೇ ಇಟ್ಕೊಂಡ್ರೆ ಇನ್ನೂ ಕಷ್ಟ."
ತಡ್ಕೋಬೇಕು ಕಣಪ್ಪ, ಅಂದೆ,
ಮನೆ ಮುಟ್ಟೋವರೆಗಾದರೂ.