ಬಾಗಿಲು ಮುಂದ ಮಾಡುವುದು

ನಮ್ಮ ಕಡೆ ಬಾಗಿಲು ಹಾಕು ಅನ್ನುವುದಿಲ್ಲ,
ಮುಂದ ಮಾಡು ಅನ್ನುತ್ತಾರೆ.
ದೀಪ ಆರಿಸು ಅನ್ನುವುದಿಲ್ಲ,
ದೊಡ್ಡದು ಮಾಡು ಅನ್ನುತ್ತಾರೆ.
ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದು ಮರಾಠಿ ಕಲಿತರೂ
ನಾಲಿಗೆ ಈ ಎರಡು ಮಾತು ಬಿಡಲಿಲ್ಲ.

ಅಕ್ಕಲಕೋಟೆ ರಸ್ತೆಯ ಟವೆಲ್ ಕಾರ್ಖಾನೆ.
ನೂಲಿನ ಗೋದಾಮಿಗೂ ನಾವು ಅಂಚು ಹೊಲಿಯುವ ಹಾಲಿಗೂ ನಡುವೆ
ತಗಡು ಹೊದ್ದ ದಪ್ಪ ಬಾಗಿಲು.
ಅದರ ಹಳಿ ನೆಟ್ಟಗಿಲ್ಲ, ಎಡಕ್ಕೆ ನಾಲ್ಕು ಬೆರಳು ಇಳಿಜಾರು.
ಬಾಗಿಲಿಗೆ ಯಾವಾಗಲೂ ಇಳಿದು ಹೋಗುವ ಆಸೆ;
ರಾಟೆಯ ಆಚೆ ತಂತಿಗೆ ಜೋತ ಕಬ್ಬಿಣದ ಗುಂಡು
ತಡಿ, ಇನ್ನೂ ತಡಿ ಅನ್ನುತ್ತದೆ.
ತಂತಿಯ ನಡುವೆ ಹೆಬ್ಬೆರಳಿನಷ್ಟು ಹಿತ್ತಾಳೆ:
ಎರಡು ಎಲೆ, ಒಂದು ಮೆತ್ತನೆ ಬೆಸುಗೆ.

ಫಿಟ್ಟರ್ ಈರಯ್ಯ ಮಠಪತಿ ತೋರಿಸಿದ್ದ.
"ಎಪ್ಪತ್ತೆರಡು ಡಿಗ್ರಿಗೆ ಇದು ಕೈ ಬಿಡತದ,
ಚಾ ಕುದಿಯೂದಕ್ಕಿಂತ ಮೊದಲ.
ಕರೆಂಟ್ ಬ್ಯಾಡ, ಗಂಟಿ ಬ್ಯಾಡ, ಸಾಹೇಬ್ರ ಸಹಿ ಬ್ಯಾಡ."
"ಒಳಗ ಯಾರರೆ ಉಳಿದರ?"
"ಮುಂದ ಮಾಡತದ ತಂಗಿ, ಕೀಲಿ ಹಾಕಂಗಿಲ್ಲ.
ಎರಡೂ ಕೈಲೆ ಜಗ್ಗು, ಹೊರಗ ಬಾ, ಬಿಡು.
ಮತ್ತ ತಾನೇ ಮುಚ್ಚಿಕೊಂತದ."

ವಾರಕ್ಕೊಮ್ಮೆ ಕೊಕ್ಕೆ ಬಿಚ್ಚಿ ಓಡಿಸಿ ನೋಡುತ್ತಿದ್ದ.
ಟ್ರಾಲಿ ಹುಡುಗರಿಗೆ ಕಿರಿಕಿರಿ; ಬಾಬಿನ್ ಪೆಟ್ಟಿಗೆ ಅಡ್ಡ ಇಡುವರು.
ಮೂಲೆ ನೋಡಿ ಒದ್ದು ಸರಿಸುವನು:
"ಅಡ್ಡ ಇಟ್ಟ ಬಾಗಲಾ ಬಾಗಲಾ ಅಲ್ಲೋ,
ಗ್ವಾಡಿಗೆ ಬಿದ್ದ ತೂತು."
ನಾನೂ ಬೈಸಿಕೊಂಡಿದ್ದೇನೆ, ಆ ಗುಂಡಿಗೆ ಬುತ್ತಿಚೀಲ ತೂಗಹಾಕಿ:
"ನಿನ್ನ ರೊಟ್ಟಿನೂ ಅದು ಲೆಕ್ಕಕ್ಕ ಹಿಡಿತದ."

ದೀಪಾವಳಿಯ ನಂತರ ಹಾಜರಿಯಲ್ಲಿ ಅವನ ಹೆಸರಿರಲಿಲ್ಲ.
ಅರವತ್ತಾಯಿತಂತೆ.

ಆ ರಾತ್ರಿ, ಎರಡನೇ ಪಾಳಿ.
ಗೋದಾಮಿನಿಂದ ಅಂಬೂಬಾಯಿಯ ಕೂಗು:
"ದೊಡ್ಡದಾತು! ದೊಡ್ಡದಾತು!"
ಕರೆಂಟ್ ಹೋಯಿತೇನೋ ಅಂತ
ನಾನು ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದೆ.
ಉರಿಯುತ್ತಿತ್ತು.
ಅಷ್ಟು ಹೊತ್ತು ನನ್ನ ಮಾತೇ ನನ್ನನ್ನು ಕೂರಿಸಿಕೊಂಡಿತ್ತು.

ಬಾಗಿಲಿಗೆ ಭಾಷೆ ಇಲ್ಲ.
ಗುಂಡು ಧೊಪ್ಪನೆ ನೆಲಕ್ಕೆ ಬಿತ್ತು,
ಕಾಳಿಲ್ಲದ ಬೀಸುಕಲ್ಲಿನ ಸದ್ದು ಮಾಡುತ್ತ ಅದು ಹೊರಟಿತು,
ಅವಸರವಿಲ್ಲ,
ಪೆಟ್ಟಿಗೆಗೆ ಬಡಿದು ನಿಂತಿತು.
ಒಂದು ಮೊಳ ಸಂದು.
ಅಂಬೂಬಾಯಿ ಅದರಲ್ಲೇ ಅಡ್ಡಡ್ಡ ತೂರಿ ಬಂದಳು, ಸೆರಗಿಲ್ಲದೆ.
ಹಿಂದೆಯೇ ಹೊಗೆ, ಅವಳ ಸಂಬಂಧಿಕರ ಹಾಗೆ.
ಮೂಲೆ ನೋಡಿ ಒದ್ದೆ.
ಮುಚ್ಚಿತು.

ಆಮೇಲೆ ಆ ಕಡೆಯಿಂದ ಕೈ ಬಡಿತ.
ಬಾಗಿಲು ತೆರೆಯಿತು, ಲೋಡಿಂಗಿನ ಇಬ್ಬರು ಹುಡುಗರು ಕೆಮ್ಮುತ್ತ ಬಂದರು,
ಕೈ ಬಿಟ್ಟರು,
ಮತ್ತೆ ಮುಚ್ಚಿತು.
ಇಷ್ಟೇ. ಇದನ್ನೇ ನಾನು ಕನಸಿನಲ್ಲಿ ಎಷ್ಟೋ ಸಲ ನೋಡುತ್ತೇನೆ:
ತೆರೆಯಿತು, ಬಂದರು, ಮುಚ್ಚಿತು.

ಗೋದಾಮು ಬೂದಿ. ನಮ್ಮ ಹಾಲಿನಲ್ಲಿ
ಬಿಳಿ ಟವೆಲ್ಲು ಒಂದಿಷ್ಟು ಹಳದಿಯಾದವು;
ಕ್ರೀಮ್ ಕಲರ್ ಅಂತ ಮಾರಿದರು.
ಫೋನ್ ಮಾಡಿದ ವಾಚ್‌ಮನ್‌ಗೆ ಶಾಲು ಹೊದಿಸಿದರು.
ಗುಡಿಸುವಾಗ ನನಗೆ ಸಿಕ್ಕದ್ದು ಹಿತ್ತಾಳೆಯ ಒಂದು ಎಲೆ.

ರವಿವಾರ ನೀಲಂ ನಗರಕ್ಕೆ ಹೋಗಿ ಈರಯ್ಯನಿಗೆ ಕೊಟ್ಟೆ.
ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು,
ಬೆಸುಗೆ ಬಿಟ್ಟ ಜಾಗ ಉಗುರಿನಿಂದ ಸವರಿದ.
"ಛಲೋ ಬಿಟ್ಟದ" ಅಂದ. ಸಾಲೆಯ ಮಾಸ್ತರ ಅಂದ ಹಾಗೆ.
ಚಾ ಬಂತು.
"ಹೊಸಾದು ಹಾಕ್ಯಾರೇನು?"
ನಾನು ಬಸಿಯ ಕಡೆ ನೋಡಿದೆ.
"ತಂತಿ ಸುತ್ತ್ಯಾರ ಮಾಮಾ. ಬರೇ ತಂತಿ."

ಅವನು ಏನೂ ಅನ್ನಲಿಲ್ಲ.
ಚಾ ಅರ್ಧಕ್ಕೇ ಇಟ್ಟು
ಮಂಚದ ಕೆಳಗೆ ಬಗ್ಗಿ
ಚಪ್ಪಲಿ ಹುಡುಕತೊಡಗಿದ.