ಹುಲಿಗೂ ಮಂಗಳವಾರ ಸೂಟಿ

ಹುಲಿ ನೋಡಾಕ ಹೋಗೂದು ಅನ್ನೂದು ಗೊತ್ತಾತು,
ಯಾವತ್ತು ಅನ್ನೂದು ಗೊತ್ತಾಗವಲ್ದು.
ಬನಹಟ್ಟಿಯೊಳಗ ನಮ್ಮ ಮಗ್ಗಕ್ಕ ಸೂಟಿ ಮಂಗಳವಾರ,
ಬೆಳಗಾವಿ ಕಡೆ ಹುಲಿಗೂ ಸೂಟಿ ಮಂಗಳವಾರ.
‘ಅದೇನ್ ನೇಯತೈತಿ?’ ಅಂದ್ರು ನಮ್ಮ ಮಾವ.

ಕರೆಂಟ್ ಬಿಲ್ಲಿನ ಬೆನ್ನಿಗೆ ಲೆಕ್ಕಾ ಬರದ್ನಿ.
ದೊಡ್ಡವರು ಐದು, ಸಣ್ಣವರು ಎರಡೂವರಿ.
ಅರ್ಧ ಅಂದ್ರ ನಾದಿನಿ ಸುರೇಖಾನ ಹೊಟ್ಟ್ಯಾಗಿಂದು,
ಅದಕ್ಕ ತಿಕೀಟಿಲ್ಲ, ಆದ್ರ ಕಿಡಕಿ ಸೀಟ ಬೇಕು.
ಕ್ರೂಸರಿಗೆ ಬಾಡಗಿ. ಡೀಸೆಲ್ ಅವಂದು, ಟೋಲ್ ನಮ್ದು.
ಒಳಗ ಜಾಳಗಿ ಗಾಡ್ಯಾಗ ಕುಂತು ತಿರಗಾಕ ಬ್ಯಾರೆ ರೊಕ್ಕ.
ನಾಕು ಮಗ್ಗ ಒಂದಿನ ನಿಂತ್ರ ಎಷ್ಟು ಸೀರಿ ಕಡಿಮಿ
ಅನ್ನೂದು ಬರದ್ನಿ,
ಗೀಟ ಹೊಡದ್ನಿ,
ಮತ್ತ ಸಣ್ಣದಾಗಿ ಮೂಲ್ಯಾಗ ಬರದ್ನಿ.

ಅಷ್ಟರಾಗ ಪೇಪರಿನ ಮೂರನೇ ಪುಟ:
ಗುರುವಾರ ಮುಂಜಾನೆ ಒಂಬತ್ತರಿಂದ ಸಂಜೆ ಆರರವರೆಗೆ
ವಿದ್ಯುತ್ ಪೂರೈಕೆಯಲ್ಲಿ ವ್ಯತ್ಯಯ.
ಗ್ರಾಹಕರು ಸಹಕರಿಸಬೇಕು.
ನಮ್ಮನಿಯವರು ಅದನ್ನ ಎರಡು ಸಲ ಓದಿದ್ರು,
ಸ್ವಂತ ತಂಗಿ ಲಗ್ನಪತ್ರಿಕಿ ಓದಿದ್ಹಂಗ.
‘ಸಹಕರಿಸೂಣು ಬಿಡು’ ಅಂದ್ರು.

ಬುತ್ತಿಗೆ ಕಡಕ ರೊಟ್ಟಿ, ಅಗಸಿ ಚಟ್ನಿ, ಮೊಸರನ್ನ,
ಅತ್ತಿಯವರಿಗೆ ಗುಳಿಗಿ, ಎಲಿ ಅಡಿಕಿ ಚೀಲ.
‘ಮಂಗ್ಯಾ ಕಸ್ಗೊಂಡ್ರ?’ ಅಂದ್ಳು ಸುರೇಖಾ.
‘ನಿನ್ನ ಕಡಿಂದ ಕಸ್ಗೊಳ್ಳೂ ಮಂಗ್ಯಾ ಹುಟ್ಟಿಲ್ಲ’
ಅಂದವರು ಅವಳ ಗಂಡ. ಒಂದು ತಾಸು ಮಾತಿಲ್ಲ ಇಬ್ಬರದೂ.

ಆಮ್ಯಾಲ ನಮ್ಮ ಸಂಪತ ಹೇಳಿದ,
ಸಾಲಿ ಹುಡುಗರ ಕೂಡ ಒಮ್ಮೆ ಹೋಗಿ ಬಂದಾವ:
‘ಅಲ್ಲಿ ಬೋರ್ಡ್ ಹಾಕ್ಯಾರ.
ಗದ್ದಲ ಮಾಡಬಾರದಂತ, ಪ್ರಾಣಿ ಅಂಜತಾವಂತ.’

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ.
ನಮ್ಮ ಮನ್ಯಾಗ ಗುಟ್ಟು ಸೈತ ಒದರೇ ಹೇಳೂದು.
ನಾ ಮದಿವ್ಯಾಗಿ ಬಂದ ವರ್ಷ
ಇವರು ದಿನಾ ಬೈತಾರಂತ ಅಡಗಿಮನ್ಯಾಗ ಅತ್ತಿದ್ನಿ;
‘ಚಾ ಕುಡದಿ?’ ಅಂತ ಕೇಳತಿದ್ರಂತ.
ಈಗ ತವರಿಗೆ ಹ್ವಾದ್ರ ಅವ್ವ ಅಂತಾಳ,
ಸಾವಕಾಸ ಮಾತಾಡ ತಂಗಿ, ಕೂಸು ಮಲಗೈತಿ.

ರಾತ್ರಿ ಹನ್ನೊಂದಕ್ಕ ಲಾಳಿ ನಿಂತ ಮ್ಯಾಲ
ಪಡಸಾಲ್ಯಾಗ ಕುಂತು ಪಿಸುಮಾತು ಕಲತ್ವಿ.
ಸಂಪತ ಮಾಸ್ತರ. ಸುರೇಖಾ ಎರಡು ಸಲ ನಾಪಾಸು.
ಮಾವಗ ನಾವು ತುಟಿ ಅಲಗಸೂದಷ್ಟ ಕಂಡಿತು.
ನಲವತ್ತೆರಡು ವರ್ಷದ ಖಟಪಟ ಅವರ ಕಿವಿ ತಿಂದೈತಿ.
‘ಸಿಂಹ ಒದರಿದ್ರ ನನಗ ಕೇಳತೈತೇನ್?’ ಅಂದ್ರು.

ಯಾರೂ ಉತ್ತರಾ ಕೊಡಲಿಲ್ಲ.
ಸಣ್ಣಾಕಿ ಭುವನಾ ಎದ್ದು ಹೋಗಿ
ಅವರ ಬೆನ್ನಿಗೆ ಬಾಯಿ ಹಚ್ಚಿ ಗುರ್ ಅಂದ್ಳು.
ಮಾವ ಕಣ್ಣು ಮುಚ್ಚಿದ್ರು, ತಲಿ ಆಡಿಸಿದ್ರು,
‘ಹಾಂ. ನಾಕನೇ ಮಗ್ಗದಂಗ ಐತಿ.
ಎಣ್ಣಿ ಬಿಡಬೇಕು ಅದಕ್ಕ.’

ಬುಧವಾರ ದೇವರ ಜಗಲಿ ಮುಂದ
ಅತ್ತಿ ಕೈ ಮುಗದು ನಿಂತಿದ್ರು.
ಹುಟ್ಟಿದಾಗಿಂದ ಕರೆಂಟ್ ಬರಲಿ ಅಂತ ಬೇಡಿದ ಬಾಯಿ,
ಹೋಗಲಿ ಅಂತ ಹೆಂಗ ಬೇಡೂದು, ತಿಳೀದ
ಬರೇ ಊದಿನಕಡ್ಡಿ ಹಚ್ಚಿ ಬಂದ್ರು.

ಗುರುವಾರ ಐದಕ್ಕ ಕ್ರೂಸರ್ ಬಂತು.
ಮಹಾಲಿಂಗಪುರ, ಗೋಕಾಕ, ಅಲ್ಲಿಂದ ಹೈವೇ,
ಬಿಸಲೇರೂದರಾಗ ಹುಲಿ ಮುಂದಿರಬೇಕು,
ಬಿಸಲಿಗೆ ಅದು ಗಿಡದ ಬುಡಕ ಮಲಗತೈತಂತ.
ನಮ್ಮನಿಯವರು ಬಲ್ಬ್ ನೋಡಿದ್ರು,
ಗಡಿಯಾರ ನೋಡಿದ್ರು.
‘ಒಂಬತ್ತಕ್ಕ ಇನ್ನೂ ನಾಕು ತಾಸು ಐತಿ,’ ಅಂದ್ರು,
‘ಒಂದು ಸೀರಿ ಇಳೀತಿತ್ತು.’

ಬುತ್ತಿ ಗಂಟು ನನ್ನ ಕೈಯಾಗ.
ಹುಡುಗರು ಒಂದು ಕಾಲು ಗಾಡ್ಯಾಗ ಇಟ್ಟು ನಿಂತಾರ.

ಮಾವ, ಇಸ್ತ್ರಿ ಧೋತರ, ತಲಿಗೆ ಬಿಳಿ ಟೊಪಗಿ,
ಒಳಗ ಹೋದ್ರು.
ಮೇನ್ ಸ್ವಿಚ್ ಕೆಳಗ ಎಳದ್ರು.

ಕತ್ತಲಾಗ ಒಬ್ಬರ ಉಸರು ಒಬ್ಬರಿಗೆ ಕೇಳಾಕತ್ತು.
‘ನಡೀರಿ’ ಅಂದ್ರು.
ಒದರಲಿಲ್ಲ.